ಕಂಬ ಮೊದಲು ಬಂತು, ಲೆಕ್ಕ ಆಮೇಲೆ

ನಮ್ಮ ಶಾಲೆಯಿಂದ ಮೈಸೂರು ಪ್ರವಾಸಕ್ಕೆ ಹೋದವರೆಲ್ಲ ಚಾಮುಂಡಿ ಬೆಟ್ಟದ ಮೇಲೆ ನಿಂತು, ಕೆಳಗೆ ಬೆಳ್ಳಗೆ ಕಾಣುವ ಲಲಿತಮಹಲ್ ಅರಮನೆಯನ್ನು ನೋಡಿಯೇ ಇರುತ್ತೀರಿ. ಸಮಾಜ ವಿಜ್ಞಾನದ ಮೇಷ್ಟ್ರಾಗಿ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ನಾನು "ಅದು ಬ್ರಿಟಿಷ್ ಶೈಲಿಯ ಕಟ್ಟಡ" ಎಂದು ಹೇಳಿ ಎಲ್ಲರನ್ನೂ ಬಸ್ಸು ಹತ್ತಿಸುತ್ತಿದ್ದೆ. ಒಂದು ವರ್ಷ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಸಾರ್, ಪುಸ್ತಕದಲ್ಲಿ ಇಂಥದೇ ಕಂಬದ ಚಿತ್ರದ ಕೆಳಗೆ ಗ್ರೀಸ್ ಅಂತ ಬರೆದಿದೆಯಲ್ಲ?" ಎಂದಳು. ಊಟಕ್ಕೆ ಹೊತ್ತಾಗಿತ್ತು. ಆಮೇಲೆ ಹೇಳುತ್ತೇನೆ ಎಂದೆ, ಹೇಳಲಿಲ್ಲ. ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ಆ ಬಾಕಿ ನೆನಪಾಯಿತು.

ಲಲಿತಮಹಲಿನ ನಿರ್ಮಾಣ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು, 1921ರದ್ದು. ಅದರ ನಡುವಿನ ಗುಮ್ಮಟಕ್ಕೆ ಮಾದರಿಯಾದದ್ದು ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್. ಹಾಗಾಗಿ ನಾನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಆದರೆ ಆ ದುಂಡು ಕಂಬಗಳು, ಕಂಬದ ಮೇಲಿನ ತ್ರಿಕೋನದ ಮುಖಮಂಟಪ, ಗುಮ್ಮಟ ಇವೆಲ್ಲ ಇಂಗ್ಲಿಷರಿಗೂ ಹುಟ್ಟಿನಿಂದ ಬಂದವಲ್ಲ. ಅವರೂ ಕಲಿತದ್ದೇ. ಕಲಿಯುವುದಕ್ಕೆ ಅವರಿಗೆ ನೂರು ವರ್ಷ ಹಿಡಿಯಿತು. ಅದರಲ್ಲಿ ಹೆಚ್ಚಿನ ಕಾಲ ಅವರು ಕಲಿತದ್ದು ಅಲಂಕಾರವನ್ನು, ಲೆಕ್ಕವನ್ನಲ್ಲ.

ವಿಜಯನಗರದಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದ 1509ರಲ್ಲೇ ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿ ಪಟ್ಟಕ್ಕೆ ಬಂದ. ಆಗ ಅಲ್ಲಿ ಕಲ್ಲಿನ ಕಟ್ಟಡವೆಂದರೆ ಗಾಥಿಕ್ ಶೈಲಿಯದು: ಚೂಪಾದ ಕಮಾನು, ಎತ್ತರದ ಬಣ್ಣದ ಗಾಜಿನ ಕಿಟಕಿ, ಮುಗಿಲಿಗೆ ಏರುವ ಮೊನೆಗಳು. ಸಾಮಾನ್ಯರ ಮನೆಗಳು ಮರದ ಚೌಕಟ್ಟು ನಿಲ್ಲಿಸಿ ನಡುವೆ ಮಣ್ಣು ಮೆತ್ತಿದವು. ಇಂಗ್ಲಿಷ್ ಕಲ್ಲುಕುಟಿಗರಿಗೆ ಕೆಲಸ ಗೊತ್ತಿರಲಿಲ್ಲ ಎಂದು ತಿಳಿಯಬಾರದು. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಪ್ರಾರ್ಥನಾ ಮಂದಿರದ ಕಲ್ಲಿನ ಚಾವಣಿ 1515ರಲ್ಲಿ ಮುಗಿಯಿತು. ಬೀಸಣಿಗೆಗಳನ್ನು ಸಾಲಾಗಿ ಬಿಡಿಸಿಟ್ಟಂತೆ ಕಾಣುವ ಆ ಚಾವಣಿಯನ್ನು ಕಟ್ಟಿದವರಿಗೆ ಹೊರಗಿನವರು ಬಂದು ಕಲಿಸಬೇಕಾದ್ದು ಹೆಚ್ಚೇನೂ ಇರಲಿಲ್ಲ. ಹಾಗಿದ್ದೂ ಅವರ ಮೊಮ್ಮಕ್ಕಳ ಕಾಲಕ್ಕೆ ಶ್ರೀಮಂತರು ಈ ಕೆಲಸವನ್ನು ಹಳೆಯದೆಂದು ಬದಿಗಿಟ್ಟು ಬೇರೊಂದು ದೇಶದ ಕಂಬಗಳ ಹಿಂದೆ ಬಿದ್ದರು.

ಆ ದೇಶ ಇಟಲಿ. ಅಲ್ಲಿನವರು ಪ್ರಾಚೀನ ರೋಮಿನ ಪಾಳುಗಳನ್ನು ಅಳೆದು, ಕ್ರಿಸ್ತಪೂರ್ವ ಮೊದಲನೆಯ ಶತಮಾನದ ವಿಟ್ರೂವಿಯಸ್ ಬರೆದ ವಾಸ್ತುಗ್ರಂಥವನ್ನು ಮತ್ತೆ ಓದಿ, ಹಳೆಯ ಕಟ್ಟಡಗಳ ನಿಯಮವನ್ನು ಹುಡುಕಿ ತೆಗೆದಿದ್ದರು. ನಿಯಮದ ಬೇರು ಕಂಬದಲ್ಲಿದೆ. ಕಂಬಗಳಲ್ಲಿ ಐದು ಬಗೆ: ಟಸ್ಕನ್, ಡೋರಿಕ್, ಅಯೋನಿಕ್, ಕೊರಿಂಥಿಯನ್, ಕಾಂಪೊಸಿಟ್. ಬೋದಿಗೆ ನೋಡಿ ಅವನ್ನು ಗುರುತಿಸಬಹುದು. ಅಯೋನಿಕ್ ಬೋದಿಗೆಯಲ್ಲಿ ಎರಡು ಸುರುಳಿ, ಕೊರಿಂಥಿಯನ್ ಬೋದಿಗೆಯಲ್ಲಿ ಎಲೆಗಳ ಕೆತ್ತನೆ. ಪರೀಕ್ಷೆಗೆ ನಾವು ಬಾಯಿಪಾಠ ಮಾಡಿಸುವುದು ಇಷ್ಟನ್ನೇ. ಆದರೆ ಮುಖ್ಯವಾದ ಸಂಗತಿ ಬೋದಿಗೆಯಲ್ಲಿಲ್ಲ, ಕಂಬದ ದಪ್ಪದಲ್ಲಿದೆ. ಇಟಲಿಯ ಆಂಡ್ರಿಯಾ ಪಲ್ಲಾಡಿಯೊ 1570ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ ಟಸ್ಕನ್ ಕಂಬದ ಎತ್ತರ ಅದರ ಬುಡದ ಅಡ್ಡಳತೆಯ 7ರಷ್ಟು, ಅಯೋನಿಕ್ ಕಂಬದ್ದು 9ರಷ್ಟು, ಕೊರಿಂಥಿಯನ್ ಕಂಬದ್ದು 9½ರಷ್ಟು, ಕಾಂಪೊಸಿಟ್ ಕಂಬದ್ದು 10ರಷ್ಟು. ಕಂಬದಿಂದ ಕಂಬಕ್ಕೆ ಎಷ್ಟು ದೂರ, ಮೇಲಿನ ತೊಲೆ ಎಷ್ಟು ದಪ್ಪ, ಕಿಟಕಿ ಎಷ್ಟು ಅಗಲ, ಕೋಣೆ ಎಷ್ಟು ಉದ್ದ ಎಂಬುದೆಲ್ಲ ಒಂದಕ್ಕೊಂದು ಹೊಂದಿಕೊಂಡ ಲೆಕ್ಕ. ನಮ್ಮ ಶಿಲ್ಪಿಗಳು ವಿಗ್ರಹಕ್ಕೆ ತಾಳದ ಅಳತೆ ಹಿಡಿಯುವಂತೆ ಅಲ್ಲಿ ಕಂಬದ ಬುಡವೇ ಅಳತೆಯ ಕೋಲು. ಒಂದನ್ನು ಬದಲಿಸಿದರೆ ಎಲ್ಲವನ್ನೂ ಬದಲಿಸಬೇಕು.

ಇಂಗ್ಲೆಂಡಿಗೆ ಮೊದಲು ಬಂದದ್ದು ಈ ಲೆಕ್ಕವಲ್ಲ. ಫ್ಲಾರೆನ್ಸಿನ ಶಿಲ್ಪಿ ಟೊರಿಜಿಯಾನೊ 1512ರಲ್ಲಿ ವೆಸ್ಟ್‌ಮಿನ್ಸ್ಟರ್ ಅಬೆಯಲ್ಲಿ ಏಳನೆಯ ಹೆನ್ರಿಯ ಸಮಾಧಿ ಮಾಡಿಕೊಡಲು ಒಪ್ಪಂದ ಮಾಡಿಕೊಂಡ. ಹುಡುಗನಾಗಿದ್ದಾಗ ಮೈಕೆಲೇಂಜೆಲೊನ ಮೂಗು ಮುರಿದ ಭೂಪ ಇವನೇ. 1521ರಲ್ಲಿ ಜೊವಾನಿ ದ ಮಯಾನೊ ಎಂಬ ಇನ್ನೊಬ್ಬ ಇಟಲಿಯವನು ರೋಮನ್ ಚಕ್ರವರ್ತಿಗಳ ಮುಖಗಳನ್ನು ಸುಟ್ಟ ಮಣ್ಣಿನಲ್ಲಿ ಮಾಡಿ ಹ್ಯಾಂಪ್ಟನ್ ಕೋರ್ಟ್ ಅರಮನೆಗೆ ಕೊಟ್ಟ. ಅರಮನೆ ಹಳೆಯ ರೀತಿಯದೇ. ಅದರ ಕೆಂಪು ಇಟ್ಟಿಗೆ ಗೋಡೆಯ ಮೇಲೆ ಸೀಜರರ ತಲೆಗಳು ಬಿಲ್ಲೆಗಳಂತೆ ಕೂತವು. ಅಷ್ಟರಲ್ಲಿ ಹೆನ್ರಿಗೂ ಪೋಪನಿಗೂ ಮುರಿದುಬಿತ್ತು. 1534ರಲ್ಲಿ ಇಂಗ್ಲೆಂಡಿನ ಚರ್ಚು ರೋಮಿನಿಂದ ಬೇರೆಯಾಯಿತು. ಆಮೇಲೆ ಇಟಲಿಯಿಂದ ಕುಶಲಕರ್ಮಿಗಳನ್ನು ಕರೆಸುವುದೂ ಅಲ್ಲಿಗೆ ಹೋಗಿ ಕಲಿಯುವುದೂ ಸುಲಭವಾಗಿ ಉಳಿಯಲಿಲ್ಲ. ಪಾಠ ಶುರುವಾಗುವ ಮೊದಲೇ ಗುರುವಿನ ಮನೆಯ ಬಾಗಿಲು ಅರ್ಧ ಮುಚ್ಚಿದಂತಾಯಿತು.

ಆದರೆ ಅದೇ ಜಗಳದಿಂದ ಕಟ್ಟಡಗಳಿಗೆ ದುಡ್ಡೂ ಬಂತು, ಕಲ್ಲೂ ಬಂತು. ಹೆನ್ರಿ ಮಠಗಳನ್ನು ಮುಚ್ಚಿಸಿ ಅವುಗಳ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡ. ಭೂಮಿ ಹೊಸ ಶ್ರೀಮಂತರ ಕೈ ಸೇರಿತು. ಹೆನ್ರಿ ಸತ್ತ ಮೇಲೆ ಬಾಲಕ ದೊರೆಯ ಹೆಸರಿನಲ್ಲಿ ರಾಜ್ಯ ನಡೆಸಿದ ಸಾಮರ್ಸೆಟ್ಟಿನ ಡ್ಯೂಕ್ 1547ರಲ್ಲಿ ಲಂಡನ್ನಿನ ಥೇಮ್ಸ್ ದಡದಲ್ಲಿ ಕಂಬ ಕಮಾನುಗಳ ಹೊಸ ಮಾದರಿಯ ಅರಮನೆಗೆ ಕೈಹಾಕಿದ. ಜಾಗಕ್ಕೆಂದು ಅಲ್ಲಿದ್ದ ಚರ್ಚನ್ನು ಕೆಡವಿಸಿದ, ಕಲ್ಲಿಗೆಂದು ಇತರ ಪವಿತ್ರ ಕಟ್ಟಡಗಳನ್ನು ಕೆಡವಿಸಿದ. 1552ರಲ್ಲಿ ಅವನ ತಲೆ ಹೋಯಿತು. ಅವನನ್ನು ಉರುಳಿಸಿದ ನಾರ್ತಂಬರ್‌ಲೆಂಡಿನ ಡ್ಯೂಕ್‌ಗೂ ಇದೇ ಕಟ್ಟಡಗಳ ಹುಚ್ಚು. 1550ರಲ್ಲಿ ಜಾನ್ ಶೂಟ್ ಎಂಬ ಚಿತ್ರಕಾರನನ್ನು ಅವನು ಇಟಲಿಗೆ ಕಳಿಸಿ, ಹಳೆಯ ಮತ್ತು ಹೊಸ ಕಟ್ಟಡಗಳನ್ನು ನೋಡಿ ಬಾ ಎಂದ. ಶೂಟ್ ಮರಳಿ ಬಂದ. ಡ್ಯೂಕನ ತಲೆ 1553ರಲ್ಲಿ ಹೋಯಿತು. ಶೂಟನ ಪುಸ್ತಕ ಹತ್ತು ವರ್ಷ ತಡವಾಗಿ 1563ರಲ್ಲಿ ಅಚ್ಚಾಯಿತು. ಐದು ಬಗೆಯ ಕಂಬಗಳ ವಿವರ ಕೊಡುವ ಮೊದಲ ಇಂಗ್ಲಿಷ್ ಪುಸ್ತಕ ಅದು.

ಈ ಕಾಲದ ಕಟ್ಟಡಗಳಲ್ಲಿ ನನಗೆ ತೀರ ಇಷ್ಟವಾದದ್ದು ಯಾವ ಅರಮನೆಯೂ ಅಲ್ಲ, ಒಂದು ಕಾಲೇಜಿನ ಮೂರು ಬಾಗಿಲುಗಳು. ಕೇಂಬ್ರಿಜ್‌ನಲ್ಲಿ ಓದಿ ಇಟಲಿಯ ಪಡುವಾದಲ್ಲಿ ವೈದ್ಯ ಕಲಿತ ಜಾನ್ ಕೀಸ್ ಎಂಬಾತ ಅಲ್ಲಿ ಅಂಗರಚನಾ ಶಾಸ್ತ್ರದ ಪಿತಾಮಹ ವೆಸಾಲಿಯಸ್ ಜೊತೆ ಒಂದೇ ಮನೆಯಲ್ಲಿದ್ದ. ಊರಿಗೆ ಬಂದು ರಾಜವೈದ್ಯನಾಗಿ ಗಳಿಸಿದ ಹಣದಲ್ಲಿ ತಾನು ಓದಿದ ಕಾಲೇಜನ್ನು 1557ರಲ್ಲಿ ಹೊಸದಾಗಿ ಸ್ಥಾಪಿಸಿದ. ಇಟಲಿಯ ಗಾಳಿ ಎಷ್ಟು ಬೀಸಿತ್ತೆಂದರೆ ತನ್ನ ಹೆಸರಿನ ಕಾಗುಣಿತವನ್ನೂ ಲ್ಯಾಟಿನ್ ರೂಪಕ್ಕೆ ತಿದ್ದಿಕೊಂಡಿದ್ದ. ಬರೆಯುವುದು ಕಾಯಸ್ ಎಂಬಂತೆ, ಕರೆಯುವುದು ಮಾತ್ರ ಕೀಸ್ ಎಂದೇ. ವಿದ್ಯಾರ್ಥಿ ಕಾಲೇಜಿಗೆ ಸೇರುವಾಗ ವಿನಯದ ಬಾಗಿಲಿನಿಂದ ಒಳಗೆ ಬರಬೇಕು. ಅದು ಸಣ್ಣದು, ಸರಳವಾದದ್ದು. ಓದುವ ವರ್ಷಗಳಲ್ಲಿ ಸದ್ಗುಣದ ಬಾಗಿಲನ್ನು ಹಾದು ಓಡಾಡಬೇಕು. ಪದವಿ ಪಡೆಯಲು ಹೊರಡುವ ದಿನ ಮಾತ್ರ ಗೌರವದ ಬಾಗಿಲಿನಿಂದ ಹೊರಗೆ ಹೋಗಬೇಕು. ಗೌರವದ ಬಾಗಿಲು ಮುಗಿದದ್ದು 1575ರಲ್ಲಿ, ಕೀಸ್ ತೀರಿಕೊಂಡು ಎರಡು ವರ್ಷದ ಮೇಲೆ. ಇಂದಿಗೂ ಅಲ್ಲಿನ ಮಕ್ಕಳು ಪದವಿಗೆ ಅದೇ ಬಾಗಿಲಿನಿಂದ ಹೋಗುತ್ತಾರೆ.

ಆ ಬಾಗಿಲನ್ನು ಕಟ್ಟಡವಾಗಿ ನೋಡಿದರೆ ನಗು ಬರುತ್ತದೆ. ಕೆಳಗೆ ಇಂಗ್ಲೆಂಡಿನ ಹಳೆಯ ರೀತಿಯ ಚಪ್ಪಟೆ ಚೂಪು ಕಮಾನು, ಅದರ ಅಕ್ಕಪಕ್ಕ ರೋಮನ್ ಕಂಬ, ಅದರ ಮೇಲೆ ಗ್ರೀಕ್ ದೇಗುಲದ ಪುಟ್ಟ ಮುಖ, ಅದರ ಮೇಲೆ ಆರು ಮೂಲೆಯ ಗೋಪುರ, ಅದಕ್ಕೊಂದು ಗುಮ್ಮಟ. ಇಟಲಿಯವನು ನೋಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದ. ಆದರೆ ಮೂರು ಬಾಗಿಲುಗಳ ಆ ಯೋಚನೆ ಎಷ್ಟು ಚೆನ್ನಾಗಿದೆ! ಲೆಕ್ಕ ತಪ್ಪಿದ್ದರೂ ಹೇಳಬೇಕಾದ ಮಾತು ಇದ್ದ ಕಟ್ಟಡ ಅದು.

ಎಲ್ಲ ಕಟ್ಟಡಗಳ ಬಗ್ಗೆ ಹೀಗೆ ಹೇಳಲಾಗದು. ರಾಣಿ ಎಲಿಜಬೆತ್ತಳ ಕಾಲದ ಶ್ರೀಮಂತರು ಫ್ಲ್ಯಾಂಡರ್ಸ್ ಕಡೆಯಿಂದ ಬರುತ್ತಿದ್ದ ಚಿತ್ರಪುಸ್ತಕಗಳನ್ನು ಮೇಸ್ತ್ರಿಗಳ ಮುಂದೆ ಹಿಡಿದು, ಇಂಥದ್ದೊಂದು ಇಲ್ಲಿ, ಅಂಥದ್ದೊಂದು ಅಲ್ಲಿ ಎಂದು ಮಾಡಿಸಿದರು. ಬರ್ಲಿ ಹೌಸ್ ಎಂಬ ಬಂಗಲೆಯ ಚಾವಣಿಯ ಮೇಲೆ ರೋಮನ್ ಕಂಬಗಳು ಜೋಡಿಜೋಡಿಯಾಗಿ ನಿಂತಿವೆ. ಅವೇನು ಗೊತ್ತೆ? ಹೊಗೆ ಕೊಳವೆಗಳು. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದ ಅಂಗಳದಲ್ಲಿ 1613ರಿಂದ ಎದ್ದ ಗೋಪುರವಂತೂ ಪಾಠಪುಸ್ತಕವನ್ನೇ ಕಲ್ಲಿನಲ್ಲಿ ನಿಲ್ಲಿಸಿದ ಹಾಗಿದೆ. ಟಸ್ಕನ್ ಕಂಬ, ಅದರ ಮೇಲೆ ಡೋರಿಕ್, ಅದರ ಮೇಲೆ ಅಯೋನಿಕ್, ಹೀಗೆ ಐದೂ ಬಗೆ ಒಂದರ ಮೇಲೊಂದು, ಕ್ರಮ ತಪ್ಪದೆ. ಎಲ್ಲದರ ಮೇಲೆ ಗಾಥಿಕ್ ಮೊನೆಗಳು. ತನಗೆ ಗೊತ್ತಿರುವ ಕಷ್ಟದ ಪದಗಳನ್ನೆಲ್ಲ ಒಂದೇ ಪ್ರಬಂಧದಲ್ಲಿ ತುರುಕಿದ ಹುಡುಗನ ಉತ್ತರಪತ್ರಿಕೆಯಂತೆ ಅದು. ನಾನಾದರೆ ಅಂಕ ಕಡಿಮೆ ಮಾಡುತ್ತಿರಲಿಲ್ಲ, ಆದರೆ ಕರೆದು ಕೂರಿಸಿ ಮಾತಾಡುತ್ತಿದ್ದೆ.

ಆ ಗೋಪುರದ ಕೆಲಸ ಶುರುವಾದ ವರ್ಷವೇ ನಲವತ್ತು ವಯಸ್ಸಿನ ಒಬ್ಬ ಇಂಗ್ಲಿಷಿನವನು ಇಟಲಿಯಲ್ಲಿ ಕೈಯಲ್ಲಿ ಪುಸ್ತಕ ಹಿಡಿದು ಓಡಾಡುತ್ತಿದ್ದ. ಹೆಸರು ಇನಿಗೊ ಜೋನ್ಸ್. ಹುಟ್ಟಿದ್ದು 1573ರಲ್ಲಿ ಲಂಡನ್ನಿನ ಸ್ಮಿತ್‌ಫೀಲ್ಡಿನಲ್ಲಿ. ತಂದೆ ಬಟ್ಟೆ ಕೆಲಸದವನು. ಹುಡುಗನನ್ನು ಬಡಗಿಯೊಬ್ಬನ ಬಳಿ ಕೆಲಸಕ್ಕೆ ಬಿಟ್ಟಿದ್ದರೆಂದು ಹೇಳುತ್ತಾರೆ. ಚಿತ್ರ ಚೆನ್ನಾಗಿ ಬರೆಯುತ್ತಿದ್ದ. ದೊರೆ ಜೇಮ್ಸನ ರಾಣಿ ಆನ್‌ಳ ಆಸ್ಥಾನದಲ್ಲಿ ನಾಟಕಗಳಿಗೆ ವೇಷಭೂಷಣ, ಪರದೆ, ಯಂತ್ರಗಳನ್ನು ಮಾಡುವುದು ಅವನ ಕಸುಬಾಯಿತು. ಮಾತು ಬರೆಯುವವನು ಕವಿ ಬೆನ್ ಜಾನ್ಸನ್, ನೋಟ ಒದಗಿಸುವವನು ಜೋನ್ಸ್. ಯಾರ ಹೆಸರು ಮೊದಲು ಬರಬೇಕೆಂಬ ವಿಷಯಕ್ಕೆ ಕೊನೆಗೆ ಇಬ್ಬರಿಗೂ ಜಗಳವಾಗಿ ಕವಿ ಇವನನ್ನು ಬಡಗಿಯೆಂದು ಹಂಗಿಸಿದ. ಹಂಗಿಸಿದ ಕವಿಯೇ ಚಿಕ್ಕಂದಿನಲ್ಲಿ ಮಲತಂದೆಯ ಜೊತೆ ಇಟ್ಟಿಗೆ ಕಟ್ಟಿದವನು!

1613ರಲ್ಲಿ ಅರಂಡೆಲ್ಲಿನ ಅರ್ಲ್ ಇಟಲಿ ಪ್ರವಾಸ ಹೊರಟಾಗ ಜೋನ್ಸನನ್ನು ಜೊತೆಗೆ ಕರೆದೊಯ್ದ. ಜೋನ್ಸನ ಬಳಿ ಪಲ್ಲಾಡಿಯೊ ಗ್ರಂಥದ 1601ರ ಮುದ್ರಣದ ಪ್ರತಿಯೊಂದಿತ್ತು. ಪಲ್ಲಾಡಿಯೊ ಕಲ್ಲುಕುಟಿಗನಾಗಿ ಕೆಲಸ ಶುರುಮಾಡಿ ದೊಡ್ಡ ವಾಸ್ತುಶಿಲ್ಪಿಯಾದವನು. ಅವನ ಪುಸ್ತಕದಲ್ಲಿ ಚಿತ್ರಗಳ ಮೇಲೆಯೇ ಅಳತೆಗಳಿವೆ. ಜೋನ್ಸ್ ಆ ಚಿತ್ರವನ್ನೂ ಎದುರಿಗಿರುವ ಕಟ್ಟಡವನ್ನೂ ಒಟ್ಟಿಗೆ ನೋಡಿದ. ಪುಸ್ತಕದಲ್ಲಿ ಇದ್ದಂತೆ ಕಟ್ಟಡ ಇಲ್ಲದಿದ್ದರೆ ಪುಟದ ಅಂಚಿನಲ್ಲಿ ಗುರುತು ಹಾಕಿದ. ತಾರೀಖು ಬರೆದ. ವಿಸೆಂಜಾ ಊರಿನಲ್ಲಿ ಪಲ್ಲಾಡಿಯೊ ಕಟ್ಟಿದ ಮನೆಗಳನ್ನು ನೋಡಿದ, ರೋಮಿನ ಪಾಳುಗಳಲ್ಲಿ ಅಲೆದ. 1614ರಲ್ಲಿ ವಯಸ್ಸಾದ ವಾಸ್ತುಶಿಲ್ಪಿ ಸ್ಕಮೋಜಿಯನ್ನು ಕಂಡು ಸಂದೇಹಗಳನ್ನು ಕೇಳಿದ. ಉತ್ತರ ಸಮಾಧಾನ ಕೊಡದಿದ್ದಲ್ಲಿ ಅದನ್ನೂ ಅಂಚಿನಲ್ಲಿ ಬರೆದು, ಹಿರಿಯನ ತಪ್ಪು ತೋರಿಸಿದ. ಆ ಪ್ರತಿ ಇವತ್ತು ಆಕ್ಸ್‌ಫರ್ಡಿನ ವೂಸ್ಟರ್ ಕಾಲೇಜಿನಲ್ಲಿದೆ. ಅದರ ಅಂಚುಗಳೆಲ್ಲ ಅವನ ಕೈಬರಹದಿಂದ ತುಂಬಿವೆ. ಶಾಲೆಯ ಪುಸ್ತಕದಲ್ಲಿ ಗೀಚಬೇಡಿ ಎಂದು ಮೂವತ್ತು ವರ್ಷ ಮಕ್ಕಳನ್ನು ಗದರಿದವನು ನಾನು. ಹೀಗೆ ಗೀಚಿದ್ದರೆ ಸುಮ್ಮನಿರುತ್ತಿದ್ದೆನೇನೋ.

ಅವನ ಇನ್ನೊಂದು ಟಿಪ್ಪಣಿ ಪುಸ್ತಕದಲ್ಲಿ, ಊರಿಗೆ ಮರಳಿದ ಹೊಸದರಲ್ಲಿ, 1615ರ ಜನವರಿಯಲ್ಲಿ ಬರೆದ ಒಂದು ಮಾತಿದೆ. ಅದರ ತಾತ್ಪರ್ಯ ಇಷ್ಟು: ತಿಳಿದವನು ನಾಲ್ಕು ಜನರ ನಡುವೆ ಗಂಭೀರವಾಗಿ ನಡೆದುಕೊಳ್ಳುತ್ತಾನೆ, ಒಳಗೆ ಅವನ ಕಲ್ಪನೆ ಬೇಕಾದಂತೆ ಹಾರಾಡಬಹುದು, ಕಟ್ಟಡವೂ ಹಾಗೆಯೇ ಹೊರಗೆ ಗಟ್ಟಿಯಾಗಿ, ನಿಯಮದ ಅಳತೆಯಲ್ಲಿ, ಆಡಂಬರವಿಲ್ಲದೆ ಇರಬೇಕು. ಬಾಡ್ಲಿಯನ್ ಗೋಪುರದಂಥವುಗಳಿಗೆ ಅದು ಉತ್ತರ.

ಅದೇ ವರ್ಷ ದೊರೆಯ ಕಟ್ಟಡಗಳ ಮೇಲ್ವಿಚಾರಣೆಯ ಹುದ್ದೆ ಅವನಿಗೆ ಸಿಕ್ಕಿತು. 1616ರಲ್ಲಿ ಗ್ರೀನಿಚ್‌ನಲ್ಲಿ ರಾಣಿಗಾಗಿ ಮನೆಯ ಕೆಲಸ ಶುರುವಾಯಿತು. ಸಾರ್ವಜನಿಕ ರಸ್ತೆಯೊಂದು ನಡುವೆ ಹಾದುಹೋಗುತ್ತಿತ್ತು. ರಸ್ತೆಯ ಎರಡೂ ಬದಿಗೆ ಮನೆ ಕಟ್ಟಿ ಮೇಲೆ ಸೇತುವೆಯಂತೆ ಜೋಡಿಸಿದ. ಒಳಗಿನ ಹಜಾರ ಉದ್ದ, ಅಗಲ, ಎತ್ತರ ಮೂರೂ 40 ಅಡಿ. ಹೊರಗಡೆ ಮೊನೆಯಿಲ್ಲ, ಗೋಪುರವಿಲ್ಲ, ಬರಿಯ ಬಿಳಿ ಗೋಡೆ. 1619ರಲ್ಲಿ ರಾಣಿ ಆನ್ ತೀರಿಕೊಂಡಳು. ಆಗಲೇ ನಿಂತಿದ್ದ ಕೆಲಸ ಹತ್ತು ವರ್ಷದ ಮೇಲೆ ಇನ್ನೊಬ್ಬ ರಾಣಿಗಾಗಿ ಮತ್ತೆ ಶುರುವಾಗಿ 1635ರ ಹೊತ್ತಿಗೆ ಮುಗಿಯಿತು. ತಲೆಯಿಂದ ಕಾಲಿನವರೆಗೆ ಹೊಸ ನಿಯಮಕ್ಕೆ ಒಪ್ಪುವ ಕಟ್ಟಡವೆಂದು ಇಂಗ್ಲೆಂಡಿನಲ್ಲಿ ಮೊದಲು ಎಣಿಸುವುದು ಇದನ್ನೇ.

ಜನ ನೋಡಿ ಬೆರಗಾದದ್ದು ಮಾತ್ರ ಲಂಡನ್ನಿನ ನಡುವೆ. 1619ರ ಜನವರಿಯಲ್ಲಿ ವೈಟ್‌ಹಾಲ್ ಅರಮನೆಯ ಔತಣಶಾಲೆ ಸುಟ್ಟುಹೋಯಿತು. ಜೋನ್ಸ್ 1622ರ ಹೊತ್ತಿಗೆ ಹೊಸದನ್ನು ಎಬ್ಬಿಸಿದ. ಇಟ್ಟಿಗೆ ಮರಗಳ ಹಳೆಯ ಅರಮನೆಯ ಗೊಂದಲದ ನಡುವೆ ಕೆಳಗೆ ಅಯೋನಿಕ್, ಮೇಲೆ ಎಲೆ ಕೆತ್ತನೆಯ ಕಂಬಗಳ ಒಂದು ಕಲ್ಲಿನ ಗೋಡೆ ನೆಟ್ಟಗೆ ನಿಂತಿತು. ಒಳಗಿನ ಹಜಾರ 110 ಅಡಿ ಉದ್ದ, 55 ಅಡಿ ಅಗಲ, 55 ಅಡಿ ಎತ್ತರ. ಎರಡು ಪಗಡೆ ದಾಳಗಳನ್ನು ಪಕ್ಕಪಕ್ಕ ಇಟ್ಟಂತೆ. ಕೆಲಸ ನಡೆಸಿದ ಕಲ್ಲುಕುಟಿಗರ ಮುಖ್ಯಸ್ಥ ನಿಕೊಲಸ್ ಸ್ಟೋನ್. ಅಂದಾಜು ಪಟ್ಟಿಯಲ್ಲಿ ಇದ್ದದ್ದು 9,850 ಪೌಂಡ್. ಕಲ್ಲು ಸಾಗಿಸಲು ಪೋರ್ಟ್‌ಲೆಂಡ್ ದ್ವೀಪದಲ್ಲಿ ಕಟ್ಟಿದ ದಕ್ಕೆಯೂ ಸೇರಿ ಖರ್ಚಾದದ್ದು 15,600 ಪೌಂಡಿಗೂ ಹೆಚ್ಚು. ಲೆಕ್ಕ ಇತ್ಯರ್ಥವಾದದ್ದು 1633ರಲ್ಲಿ. ನಮ್ಮ ಶಾಲೆಯ ಎರಡನೆಯ ಕಟ್ಟಡದ ಬಿಲ್ಲಿಗಾಗಿ ಓಡಾಡಿದ ಹಿರಿಯರು ಇದನ್ನು ಓದಿ ಸಮಾಧಾನಪಟ್ಟುಕೊಳ್ಳಬಹುದು.

ದುಡ್ಡಿನ ಮಾತು ತಮಾಷೆಗಷ್ಟೇ ಅಲ್ಲ. ದೊರೆಗೂ ಪಾರ್ಲಿಮೆಂಟಿಗೂ ಹಣಕ್ಕಾಗಿಯೇ ಹಗ್ಗಜಗ್ಗಾಟ ನಡೆಯುತ್ತಿದ್ದ ಕಾಲ. ಈ ಕಂಬಗಳು ಆಸ್ಥಾನದವು, ಕ್ಯಾಥೊಲಿಕ್ ಇಟಲಿಯವು ಎಂಬ ಭಾವನೆ ಜನರಲ್ಲಿತ್ತು. ಜೋನ್ಸನ ನಡವಳಿಕೆಯೂ ಅದಕ್ಕೆ ತಕ್ಕಂತೆ ಬಿರುಸಾಗಿತ್ತು. ಲಂಡನ್ನಿನ ಹಳೆಯ ಸೇಂಟ್ ಪಾಲ್ಸ್ ಕೆಥೆಡ್ರಲ್ಲಿನ ದುರಸ್ತಿ ಅವನ ಪಾಲಿಗೆ ಬಂತು. ಶತಮಾನಗಳ ಹಿಂದಿನ ಗಾಥಿಕ್ ಕಟ್ಟಡದ ಪಶ್ಚಿಮದ ಮುಖಕ್ಕೆ ಅವನು ಭಾರಿ ಕೊರಿಂಥಿಯನ್ ಕಂಬಗಳ ಮುಖಮಂಟಪ ನಿಲ್ಲಿಸಿದ. ಪಕ್ಕಕ್ಕೆ ಅಂಟಿಕೊಂಡಿದ್ದ ಸೇಂಟ್ ಗ್ರೆಗರಿ ಎಂಬ ಬಡಾವಣೆಯ ಸಣ್ಣ ಚರ್ಚು ಅಡ್ಡ ಬಂತೆಂದು ಅದರ ಒಂದು ಭಾಗವನ್ನು ಕೆಡವಿಸಿದ. ಉಳಿದದ್ದನ್ನು ನೀವೇ ಕೆಡವಿ, ಇಲ್ಲವಾದರೆ ಜೈಲು ಎಂದು ಬೆದರಿಸಿದನೆಂದು ಆ ಚರ್ಚಿನ ಜನ ಪಾರ್ಲಿಮೆಂಟಿಗೆ ದೂರು ಕೊಟ್ಟರು. 1641ರಲ್ಲಿ ಅವನು ಅಲ್ಲಿ ಉತ್ತರ ಹೇಳಬೇಕಾಯಿತು. ಅಳತೆ ಬಲ್ಲವನಿಗೆ ನೆರೆಯವರ ಮನಸ್ಸು ತಿಳಿಯಲಿಲ್ಲ. ದೂರು ಕೊಟ್ಟವರ ಕಡೆಗೇ ನನ್ನ ಮನಸ್ಸು ವಾಲುತ್ತದೆ.

ಅವನ ಕೈಯಿಂದಲೇ ಜನಸಾಮಾನ್ಯರ ನಡುವೆ ಬಂದ ಕಟ್ಟಡವೂ ಒಂದಿದೆ. ಬೆಡ್‌ಫರ್ಡಿನ ಅರ್ಲ್ 1631ರಲ್ಲಿ 2,000 ಪೌಂಡ್ ತೆತ್ತು ಪರವಾನಗಿ ಪಡೆದು ಕೋವೆಂಟ್ ಗಾರ್ಡನ್ ಎಂಬಲ್ಲಿ ಮನೆಗಳನ್ನೂ ಚರ್ಚನ್ನೂ ಕಟ್ಟಿಸಿದ. ಚರ್ಚಿಗೆ ಹೆಚ್ಚು ಖರ್ಚು ಬೇಡ, ಕಣಜದಂತಿದ್ದರೂ ಸಾಕು ಎಂದನಂತೆ ಅರ್ಲ್; ಹಾಗಾದರೆ ಇಂಗ್ಲೆಂಡಿನಲ್ಲೇ ಚೆಂದದ ಕಣಜ ಕಟ್ಟಿಕೊಡುತ್ತೇನೆ ಎಂದನಂತೆ ಜೋನ್ಸ್. ಐದು ಬಗೆಯಲ್ಲಿ ಅತಿ ಸರಳವಾದ ಟಸ್ಕನ್ ಕಂಬಗಳನ್ನೇ ಆರಿಸಿ, ಸೂರು ಉದ್ದಕ್ಕೆ ಚಾಚಿ ಕಟ್ಟಿದ. ಚೌಕದ ಕಡೆಗಿರುವ ದೊಡ್ಡ ಬಾಗಿಲು ಮಾತ್ರ ಸುಳ್ಳು ಬಾಗಿಲು. ಪೂಜೆಯ ವೇದಿಕೆ ಪೂರ್ವಕ್ಕೇ ಇರಬೇಕೆಂಬ ರೂಢಿ ಗೆದ್ದದ್ದರಿಂದ ಜನ ಹಿಂದಿನಿಂದ ಸುತ್ತಿ ಒಳಗೆ ಹೋಗುತ್ತಾರೆ.

1642ರಲ್ಲಿ ದೊರೆ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ ಯುದ್ಧವೇ ಶುರುವಾಯಿತು. ಎಪ್ಪತ್ತು ದಾಟಿದ ಜೋನ್ಸ್ ದೊರೆಯ ಕಡೆಯವರ ಜೊತೆ ಬೇಸಿಂಗ್ ಹೌಸ್ ಎಂಬ ಕೋಟೆಮನೆಯಲ್ಲಿದ್ದ. 1645ರ ಅಕ್ಟೋಬರಿನಲ್ಲಿ ಅದು ಬಿದ್ದಾಗ ಸೈನಿಕರು ಬಟ್ಟೆಯನ್ನೂ ಕಿತ್ತುಕೊಂಡರು. ಮುದುಕನನ್ನು ಕಂಬಳಿಯಲ್ಲಿ ಸುತ್ತಿ ಹೊತ್ತು ತಂದರು. 1649ರ ಜನವರಿ 30ರಂದು ಚಾರ್ಲ್ಸನನ್ನು ವಧೆಗೆ ಕರೆದೊಯ್ದದ್ದು ಜೋನ್ಸ್ ಕಟ್ಟಿದ ಔತಣಶಾಲೆಯ ಹಜಾರದೊಳಗಿಂದಲೇ. ಚಾವಣಿಯಲ್ಲಿ ಚಾರ್ಲ್ಸನ ತಂದೆ ಸ್ವರ್ಗಕ್ಕೇರುವ ಚಿತ್ರಗಳು, ರುಬೆನ್ಸ್ ಬರೆದವು. ಅವುಗಳ ಕೆಳಗೆ ನಡೆದು, ಕಿಟಕಿಯ ಮೂಲಕ ಹೊರಗಿನ ಅಟ್ಟಣೆಗೆ ಇಳಿದ. ಜೋನ್ಸ್ ಅದಾಗಿ ಮೂರು ವರ್ಷ ಬದುಕಿ 1652ರ ಜೂನಿನಲ್ಲಿ ತೀರಿಕೊಂಡ.

1666ರ ಸೆಪ್ಟೆಂಬರಿನಲ್ಲಿ ಲಂಡನ್ ನಾಲ್ಕು ದಿನ ಉರಿಯಿತು. 13,000ಕ್ಕೂ ಹೆಚ್ಚು ಮನೆಗಳ ಜೊತೆ ಹಳೆಯ ಸೇಂಟ್ ಪಾಲ್ಸ್ ಹಾಳಾಯಿತು, ಜೋನ್ಸನ ಮುಖಮಂಟಪವೂ ಬಿರುಕುಬಿಟ್ಟಿತು. ಹೊಸದನ್ನು ಕಟ್ಟುವ ಹೊಣೆ ಬಿದ್ದದ್ದು ಕ್ರಿಸ್ಟೋಫರ್ ರೆನ್ ಎಂಬ ಖಗೋಳಶಾಸ್ತ್ರದ ಪ್ರಾಧ್ಯಾಪಕನ ಮೇಲೆ. ಅವನು ಇಟಲಿಯನ್ನು ಕಂಡವನೇ ಅಲ್ಲ, ಪ್ಯಾರಿಸ್‌ವರೆಗೆ ಹೋಗಿದ್ದನಷ್ಟೆ. ಅಷ್ಟು ಹೊತ್ತಿಗೆ ಲೆಕ್ಕ ಇಂಗ್ಲೆಂಡಿನೊಳಗೇ ಸಿಗುತ್ತಿತ್ತು. 1675ರಲ್ಲಿ ಶುರುವಾದ ಕೆಲಸ 1710ರ ಸುಮಾರಿಗೆ ಮುಗಿಯಿತು. ಜೋನ್ಸನಂತೆ ಒಂದೇ ಸಾಲಿನ ಭಾರಿ ಕಂಬಗಳನ್ನು ನಿಲ್ಲಿಸಲು ರೆನ್ ಬಯಸಿದ್ದ. ಅಷ್ಟು ದೊಡ್ಡ ಕಲ್ಲು ಪೋರ್ಟ್‌ಲೆಂಡಿನ ಗಣಿಯಲ್ಲಿ ಬೇಕಾದಷ್ಟು ಸಿಗಲಿಲ್ಲ. ಅದಕ್ಕೆ ಎರಡು ಅಂತಸ್ತು ಮಾಡಿ, ಕಂಬಗಳನ್ನು ಜೋಡಿಜೋಡಿಯಾಗಿ ನಿಲ್ಲಿಸಿದ. ಮುರಿದ ಹಳೆಯ ಮುಖಮಂಟಪದ ಕೆತ್ತಿದ ಕಲ್ಲುಗಳಲ್ಲಿ ಕೆಲವು ಹೊಸ ಕಟ್ಟಡದ ತಳಪಾಯಕ್ಕೆ ಸೇರಿದವು.

ಆ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು. ಈ ಸಂಚಿಕೆ ಅವಳ ಕೈ ಸೇರಿದರೆ, ಲಲಿತಮಹಲಿನ ಮುಂಬದಿಯ ಕಂಬಗಳೂ ಜೋಡಿಜೋಡಿಯಾಗಿಯೇ ನಿಂತಿವೆ, ಅವು ಅಯೋನಿಕ್ ಬಗೆಯವು, ಬೋದಿಗೆಯಲ್ಲಿ ಎರಡು ಸುರುಳಿ.